ನಾಲ್ಕು ಇಪ್ಪತ್ತರ ಮೇಲೆ ಹೆಬ್ಬೆರಳು

ಮೀನಿನ ಸಾರು ಕೆಂಪಗೆ ಕುದಿಯುತ್ತಿದೆ, ಎಣ್ಣೆ ಮೇಲೆ ತೇಲಿದೆ, ಉಪ್ಪು ಹಾಕಿದೆನೋ ಇಲ್ಲವೋ ಎಂದು ಪ್ನಿನಾ ಚಮಚ ನೆಕ್ಕಿದಳು — ಸರಿಯಾಗಿದೆ, ಯಿಫ್ತಾಹನಿಗೆ ಖಾರ ಒಂದು ಕೈ ಮುಂದಿರಬೇಕು, ಹನ್ನೊಂದು ತಿಂಗಳಾಯಿತು ಮಗ ಈ ಮೇಜಿಗೆ ಕೂತು, ಧರ್ಮದ ಕಟ್ಟಳೆ ಬೇಡವೆಂದು ತಲೆಯ ಟೋಪಿ ತೆಗೆದಿಟ್ಟು ಬೇರ್ಷೆಬಾ ಊರಿಗೆ ಹೋದವನು ಬೆಳಿಗ್ಗೆ ತಾನಾಗಿ ಫೋನು ಮಾಡಿದ, ಅಮ್ಮಾ, ಇವತ್ತು ಬರ್ಲಾ, ಬರ್ಲಾ ಅಂತ ಕೇಳ್ತೀಯೇನೋ ಕತ್ತೆ, ಬಾ, ಆದ್ರೆ ಶಬ್ಬತ್ತಿನ ದೀಪ ಹಚ್ಚೋದ್ರೊಳಗೆ ಬಾ, ನಿಮ್ಮಪ್ಪ ಗೊತ್ತಲ್ಲ — ಶುಕ್ರವಾರ ದೀಪದ ಹೊತ್ತಿಗೆ ಊರಿನ ಸೈರನ್ ಕೂಗಿತೆಂದರೆ ಶಬ್ಬತ್ ಶುರು, ಮರುದಿನ ಕತ್ತಲಾಗುವವರೆಗೆ ಒಲೆ ಹಚ್ಚುವಂತಿಲ್ಲ, ಗಾಡಿ ಓಡಿಸುವಂತಿಲ್ಲ, ಸೈರನ್ ಕೂಗಿದ ಮೇಲೆ ನನ್ನ ಬಾಗಿಲಿಗೆ ಕಾರಲ್ಲಿ ಬಂದವನು ನನ್ನ ಮಗನಲ್ಲ ಎಂದುಬಿಟ್ಟಿದ್ದ ನಿಸ್ಸಿಮ್, ಆಡಿದ ಮಾತು ನುಂಗಿದ ಗಂಡಸಲ್ಲ — ಎಷ್ಟೊತ್ತಿಗಮ್ಮಾ ದೀಪ, ಇರು ನೋಡ್ತೀನಿ, ಫ್ರಿಜ್ಜಿನ ಮೇಲಿನ ಕ್ಯಾಲೆಂಡರು, ಊರೂರಿನ ದೀಪದ ಹೊತ್ತು ಸಾಲುಸಾಲಾಗಿ, ಕೈಯೆಲ್ಲ ಮೆಣಸಿನೆಣ್ಣೆ, ಕನ್ನಡಕ ಎಲ್ಲಿಟ್ಟೆನೋ, ಹೆಬ್ಬೆರಳೊತ್ತಿ ಓದಿದಳು, ನಾಲ್ಕು ಇಪ್ಪತ್ತು ಕಣೋ, ಎಂಥ ಖುಷಿ ಆಗ, ಬ್ರೆಡ್ಡಿನ ಹಿಟ್ಟು ಕೂಡ ಎರಡು ಪಾಲು ಉಬ್ಬಿತ್ತು — ಅಮ್ಮಾ, ಕ್ಯಾಲೆಂಡರಿಗೆ ಕೈ ಒರೆಸಿದ್ದು ಯಾರು, ಮಗಳು ಹೊದಾಯಾ ಈಗ ನಗುತ್ತಿದ್ದಾಳೆ, ಸರಿಯಾಗಿ ಬೇರ್ಷೆಬಾದ ಸಾಲಿನ ಮೇಲೆ! — ತಮ್ಮೂರು ಜೆರುಸಲೇಮಿನ ಸಾಲು ಮೇಲಿದೆ, ಇಲ್ಲಿ ಇಪ್ಪತ್ತು ನಿಮಿಷ ಮೊದಲೇ ದೀಪ, ಸರಿಯಾಗಿ ನಾಲ್ಕಕ್ಕೆ, ಕೆಂಪು ಹೆಬ್ಬೆರಳು ಮಾತ್ರ ಕೆಳಗಿನ ಸಾಲಿನಲ್ಲಿ, ದೇವರೇ, ಈಗ ಮೂರೂ ನಲವತ್ತು.

ಫೋನು ಆಫ್, ಮತ್ತೆ ಮಾಡಿದರೂ ಆಫ್, ಹುಡುಗನ ಬ್ಯಾಟರಿ ಯಾವತ್ತು ಉಳಿದಿತ್ತು, ಬಚ್ಚಲಲ್ಲಿ ಮೊಮ್ಮಕ್ಕಳ ಕಿತ್ತಾಟ, ಅಜ್ಜೀ ಸೋಪು ಕಣ್ಣಿಗೆ ಹೋಯ್ತು, ಒಲೆ ಆರಿಸು, ನಾಳೆವರೆಗೆ ಊಟ ಬೆಚ್ಚಗಿಡೋ ಕರೆಂಟಿನ ಬಿಸಿತಟ್ಟೆಗೆ ಪಾತ್ರೆ ಏರಿಸು, ಬಿಳಿ ಅಂಗಿ ತೊಟ್ಟು ನಿಸ್ಸಿಮ್ ಬಾಗಿಲಲ್ಲಿ, ಬಂದ್ನೇನೇ ನಿನ್ ಮಗ, ನಿನ್ ಮಗನಂತೆ, ರೀ ತಪ್ಪು ನಂದು, ಹೊತ್ತು ತಪ್ಪಾಗಿ ಹೇಳ್ಬಿಟ್ಟೆ, ಇದೊಂದು ಸಲ — ನೀನು ತಪ್ಪು ಓದಿದ್ರೆ ಶಬ್ಬತ್ ಕಾಯುತ್ತೇನೇ? ಸೂರ್ಯನೇ ಕಾಯುತ್ತಾನೆ, ಅವನು ಮುಳುಗಿದ ಮೇಲಲ್ಲವೇ ನಿಜವಾದ ಶಬ್ಬತ್, ಇನ್ನೂ ಅರ್ಧ ಗಂಟೆ ಗುಡ್ಡದ ಮೇಲಿರುತ್ತಾನೆ, ಕಾಯದವನು ನೀನು, ಎನ್ನಬೇಕೆಂದುಕೊಂಡಳು, ಅಷ್ಟರಲ್ಲಿ ಸೈರನ್ ಎದ್ದಿತು, ಬೀದಿಯೆಲ್ಲ ಒಂದೇ ಉಸಿರಿಗೆ ಸುಮ್ಮನಾಯಿತು, ಏಳು ಬತ್ತಿ, ಎರಡು ಶಬ್ಬತ್ತಿಗೆ, ಉಳಿದ ಐದು ತನ್ನ ಐವರು ಮಕ್ಕಳಿಗೆ, ನಡುವಿನದು ಯಿಫ್ತಾಹನದು, ಹಚ್ಚಿದಳು, ಪದ್ಧತಿಯಂತೆ ಎರಡೂ ಅಂಗೈ ಕಣ್ಣಿಗೆ ಒತ್ತಿಕೊಂಡಳು, ಮಂತ್ರ ಮುಗಿಯಿತು, ಕೈ ತೆಗೆಯಲಾಗಲಿಲ್ಲ, ಎಷ್ಟು ಹೊತ್ತು ನಿಂತಳೋ, ಮೂರು ಸಲ ತೊಳೆದರೂ ಬೆರಳಲ್ಲಿ ಮೆಣಸಿನ ವಾಸನೆ, ಕಣ್ಣು ಉರಿ, ಕೆಳಗೆ ಕಾರು ನಿಂತ ಸದ್ದು, ಅದರ ಬಾಗಿಲು ಬಡಿದ ಸದ್ದು, ಒಳಗೆ ನಿಸ್ಸಿಮನ ಕುರ್ಚಿ ಹಿಂದೆ ಸರಿಯಿತು, ಮೆಟ್ಟಿಲ ಮೇಲೆ ಮಗನ ಹೆಜ್ಜೆ, ಚಿಕ್ಕಂದಿನ ಹಾಗೇ ಎರಡೆರಡು ಮೆಟ್ಟಿಲು ಹಾರಿ, ಹೊತ್ತಿಗೆ ಮೊದಲೇ ಬಂದೆನೆಂಬ ಸಡಗರದ ಹೆಜ್ಜೆ, ಅವಳು ಹೇಳಿದ ನಾಲ್ಕು ಇಪ್ಪತ್ತಕ್ಕೆ ಹತ್ತು ನಿಮಿಷ ಮುಂಚೆಯೇ — ಅಂಗೈಯೊಳಗೆ ಕತ್ತಲು, ಕತ್ತಲಲ್ಲಿ ಕೆಂಪು ಹೆಬ್ಬೆರಳು, ಕೆಳಗಿನ ಸಾಲಿನ ಮೇಲೆ ಕೆಂಪು ಹೆಬ್ಬೆರಳು