ಅಳು ಸೊನ್ನೆ

ಹೂಗೈ ಸಿಸ್ಟರ್ ಚುಚ್ಚಿದರೆ ಸೂಜಿಗೇ ಗೊತ್ತಾಗುತ್ತಿರಲಿಲ್ಲ. ಹಸುಗೂಸಿನ ಹಿಮ್ಮಡಿಯಿಂದ ಅವಳು ರಕ್ತ ತೆಗೆಯುವ ಚಂದ ಕಂಡು ಸೊಳ್ಳೆಗಳು ನಾಚಿ ಊರು ಬಿಟ್ಟಿದ್ದವು. ದಿನ ತುಂಬದೆ ಹುಟ್ಟಿದ ಮಕ್ಕಳ ಆ ಗಾಜಿನ ಕೋಣೆಯಲ್ಲಿ, ಅವಳ ಪಾಳಿಯ ಹೊತ್ತಿಗೆ, ಇರುವೆ ಕೆಮ್ಮಿದರೂ ಮೂರು ಬೀದಿಗೆ ಕೇಳುತ್ತಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಅವಳ ಕೈಯಲ್ಲಿ ಅತ್ತ ಮಕ್ಕಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು. ಆಗಲೂ ಎರಡು ಬೆರಳು ಮಿಗುತ್ತಿದ್ದವು.

ಸಂಜೆ ಮನೆಗೆ ಬಂದರೆ ಗಂಡ ಬಾಗಿಲಲ್ಲೇ ಕೇಳುತ್ತಿದ್ದ, "ಇವತ್ತು ಅಳು ಎಷ್ಟು?"

"ಸೊನ್ನೆ," ಎನ್ನುತ್ತಿದ್ದಳು. ಆಮೇಲೆ ಚಪ್ಪಲಿ ಬಿಡುವುದು.

ಈ ಆಟದ ಬೇರು ಆಳದಲ್ಲಿತ್ತು. ಇಪ್ಪತ್ತಾರು ವರ್ಷದ ಹಿಂದೆ ಅವರ ಮಗಳೂ ಅದೇ ಕೋಣೆಯಲ್ಲಿ ಮೂರೇ ದಿನ ಬದುಕಿದ್ದು ಹೋಗಿದ್ದಳು. ಹದಿನಾಲ್ಕು ಸಲ ಚುಚ್ಚಿದ್ದರು. ಕಾಲು ಹಿಡಿದುಕೊಂಡದ್ದು ಇವಳೇ. ಗಾಜಿನಾಚೆ ನಿಂತ ಗಂಡನಿಗೆ ಹೇಳಿದ್ದಳು: "ಒಂದ್ಸಲಾನೂ ಅಳ್ಲಿಲ್ಲ ಕಣ್ರೀ. ನೋವು ಅಂದ್ರೇನು ಅಂತ ಗೊತ್ತಾಗ್ದೇ ಹೋದ್ಲು." ಆ ಮಾತನ್ನೇ ಊರುಗೋಲು ಮಾಡಿಕೊಂಡು ಆತ ಇಷ್ಟು ವರ್ಷ ನಡೆದಿದ್ದ. ಅವಳೂ ಅಷ್ಟೆ.

ಈಗ ಹೊಸ ಡಾಕ್ಟ್ರಮ್ಮ ಬಂದಿದ್ದಳು. ನೋಡಿದರೆ ನಿನ್ನೆ ತಾನೇ ಆ ಕೋಣೆಯಿಂದ ಬಿಡುಗಡೆಯಾದ ಕೂಸಿನಂತಿದ್ದಳು. ಕೈಯಲ್ಲಿ ಮಾತ್ರ ಸೂರು ಮುಟ್ಟುವಷ್ಟು ಕಾಗದ. ಪ್ರತಿ ತೊಟ್ಟಿಲಿಗೂ ಒಂದೊಂದು ಹಾಳೆ ಸಿಕ್ಕಿಸಿದಳು. ತಲೆಬರಹ ಅವಳದೇ ಕೈಬರಹ, ಕಾಗೆಕಾಲು ಗುಬ್ಬಿಕಾಲು. 'ನೋವಿನ ಅಳು' ಎಂದು ಓದಿಕೊಂಡ ಸಿಸ್ಟರ್, ಕೆಳಗಿದ್ದ ಹುಬ್ಬು, ಕಣ್ಣು, ಉಸಿರು ಎಂಬ ಮನೆಗಳನ್ನೆಲ್ಲ ಬರೀ ಅಲಂಕಾರವೆಂದು ಬಿಟ್ಟು, ವಾರವಿಡೀ ಮೊತ್ತದ ಜಾಗದಲ್ಲಿ ಸೊನ್ನೆ ಸುತ್ತಿದಳು.

"ಇದೇನಕ್ಕಾ, ಮುತ್ತಿನ ಸರ ಪೋಣಿಸ್ತಿದೀರಾ?"

"ಅತ್ರೆ ತಾನೇ ಡಾಕ್ಟ್ರಮ್ಮಾ ಬರೆಯೋದು? ನನ್ನ ಕೈಲಿ ಅಳೋ ಮಗು ಇನ್ನೂ ಹುಟ್ಟಿಲ್ಲ."

"ಅದು ಅಳು ಅಲ್ಲ, ಅಳತೆ. ನೋವಿನ ಅಳತೆ."

"ನಿಮ್ಮ ಅಕ್ಷರ ಓದೋಕೆ ಔಷಧಿ ಅಂಗಡಿಯವನೇ ಬರ್ಬೇಕು ಬಿಡಿ!"

ಇಬ್ಬರೂ ನಕ್ಕರು. ಬೊಗಸೆಯೊಳಗೆ ಹಿಡಿಸುತ್ತಾನೆಂದು 'ಬೊಗಸೆ' ಎಂದೇ ಎಲ್ಲರೂ ಕರೆಯುತ್ತಿದ್ದ ಮಗುವಿನ ರಕ್ತ ತೆಗೆಯಬೇಕಿತ್ತು.

"ಈ ಸಲ ನಾನು ಚುಚ್ತೀನಿ. ನೀವು ಹಿಮ್ಮಡಿ ನೋಡ್ಬೇಡಿ, ಮುಖ ನೋಡಿ," ಎಂದಳು ಡಾಕ್ಟ್ರಮ್ಮ.

ಚುಚ್ಚುವ ಹೊತ್ತಿನಲ್ಲಿ ಸಿಸ್ಟರ್ ಎಂದೂ ಮುಖ ನೋಡಿದವಳೇ ಅಲ್ಲ. ಕಣ್ಣು ಯಾವಾಗಲೂ ಹಿಮ್ಮಡಿಯ ಮೇಲೆ.

ಸೂಜಿ ತಾಗಿತು. ಬೊಗಸೆಯ ಹುಬ್ಬು ಗಂಟಾಯಿತು. ಕಣ್ಣು ಬಿಗಿಯಾಗಿ ಮುಚ್ಚಿತು. ಐದೂ ಬೆರಳು ಅಗಲವಾದವು. ಬಾಯಿ ತೆರೆಯಿತು. ಸದ್ದು ಬರಲಿಲ್ಲ.

"ಅಳೋಕೂ ಶಕ್ತಿ ಬೇಕಲ್ವಾ ಅಕ್ಕ. ಇವನ ಹತ್ರ ಅಷ್ಟಿಲ್ಲ," ಎಂದು ಡಾಕ್ಟ್ರಮ್ಮ ಹುಬ್ಬು, ಕಣ್ಣು, ಉಸಿರಿನ ಅಂಕಿ ಕೂಡಿಸಿ ಹಾಳೆಯಲ್ಲಿ ಹನ್ನೆರಡು ಬರೆದಳು.

ಸಿಸ್ಟರ್ ತೊಟ್ಟಿಲಿನ ಅಂಚು ಹಿಡಿದು ನಿಂತಳು. ಹದಿನಾಲ್ಕು ಸಲ. ಅವಳು ಮಗಳ ಕಾಲನ್ನೇ ನೋಡಿದ್ದಳು.

ಮಧ್ಯಾಹ್ನ ಮತ್ತೆ ರಕ್ತ ಬೇಕಾಯಿತು. ಬೊಗಸೆಯನ್ನು ತಾಯಿಯ ಬರಿ ಎದೆಗೆ ಒರಗಿಸಿ, ನಾಲಗೆಗೆ ಅಳೆದ ಸಕ್ಕರೆ ನೀರಿನ ಹನಿ ಬಿಟ್ಟು, ಸಿಸ್ಟರ್ ಎರಡು ನಿಮಿಷ ಕಾದಳು.

"ಇಷ್ಟು ಚಿಕ್ಕದಕ್ಕೆ ನೋವು ಗೊತ್ತಾಗತ್ತಾ ಸಿಸ್ಟರ್? ಅಳೋದೇ ಇಲ್ವಲ್ಲ," ಎಂದಳು ತಾಯಿ.

ಇಪ್ಪತ್ತೆಂಟು ವರ್ಷದಿಂದ ಈ ಪ್ರಶ್ನೆಗೆ ಅವಳ ಬಳಿ ಸಿಹಿಯಾದ ಉತ್ತರವೊಂದಿತ್ತು.

"ಗೊತ್ತಾಗತ್ತಮ್ಮಾ. ಎಲ್ಲಾ ಗೊತ್ತಾಗತ್ತೆ. ಗಟ್ಟಿಯಾಗಿ ಅಪ್ಕೊ."

ಚುಚ್ಚಿದಾಗ ಹುಬ್ಬು ಚೂರು ನೆರಿಗೆಯಾಗಿ, ಸಡಿಲವಾಯಿತು. ನಾಲ್ಕು ಎಂದು ಬರೆದಳು. ಸೊಳ್ಳೆಗಳನ್ನು ನಾಚಿಸಿದ ಕೈ ಆ ಹಾಳೆಯಲ್ಲಿ ಮೊದಲ ಸಲ ಸೊನ್ನೆಯಲ್ಲದ ಅಂಕಿ ಬರೆದಿತ್ತು.

ಸಂಜೆ ಗಂಡ ಬಾಗಿಲಲ್ಲೇ ಇದ್ದ. ತಲೆ ಪೂರ್ತಿ ನೆರೆತಿತ್ತು. ನಗು ಮಾತ್ರ ಹಳೆಯದು.

"ಇವತ್ತು ಅಳು ಎಷ್ಟು?"

ಅವಳು ಅವನನ್ನು ನೋಡಿದಳು. ಊರುಗೋಲು ಕಿತ್ತುಕೊಂಡರೆ ಈ ಮನುಷ್ಯ ನಿಲ್ಲುವುದು ಹೇಗೆ?

"ಸೊನ್ನೆ," ಎಂದಳು.

ಚಪ್ಪಲಿ ಬಿಡಲು ಬಾಗಿದವಳ ಗದ್ದ ಹಿಡಿದು ಆತ ಮುಖವನ್ನು ಬೆಳಕಿಗೆ ಎತ್ತಿದ.

"ಮತ್ಯಾಕೆ ಹುಬ್ಬು ಹೀಗೆ ಗಂಟಾಗಿದೆ?"

ಅವಳು ಬಾಯಿ ತೆರೆದಳು. ಸದ್ದು ಬರಲಿಲ್ಲ.