ಪೋಲಂಡಿನವರನ್ನು ಬಿಡಿಸಲು ಹೋದದ್ದು

ಎಲೆ ಕೊಯ್ಯುವವರ ಬಲಗೈ ಹೆಬ್ಬೆರಳಿಗೆ ಒಂದು ತಗಡಿನ ಉಗುರು ಇರುತ್ತದೆ. ಅದರ ಅಂಚಿನಿಂದ ವೀಳ್ಯದೆಲೆಯ ತೊಟ್ಟು ಕತ್ತರಿಸಬೇಕು. ಎಲೆ ಹರಿಯಬಾರದು, ಬಳ್ಳಿ ಜಗ್ಗಬಾರದು. ಹನ್ನೆರಡು ವರ್ಷ ಆ ತಗಡಿನೊಳಗೆ ಇದ್ದು ಇದ್ದು ಮಂಜವ್ವನ ಸ್ವಂತ ಉಗುರು ಬಿದ್ದೇ ಹೋಗಿತ್ತು. ಜನವರಿಯ ಮುಂಜಾನೆ ಇಬ್ಬನಿ ಕೂತ ಎಲೆ ಮುಟ್ಟಿದರೆ ಬೆರಳಿನ ಸೀಳು ಉರಿದು ಜೀವ ಹೋಗುತ್ತಿತ್ತು. ಕೂಸಿಗೆ ಹಾಲು ಕುಡಿಸಲು ಬಳ್ಳಿಯ ಸಾಲು ಬಿಟ್ಟು ಈಚೆ ಬಂದರೆ ಸಾವ್ಕಾರ ಮಹಾಲಿಂಗಪ್ಪ ಅರ್ಧ ದಿನದ ಕೂಲಿ ಹಿಡಿಯುತ್ತಿದ್ದ. ಕೂಸು ಅತ್ತರೆ ಅಳಲಿ, ಎಲೆ ಬಾಡಬಾರದು. ಅದು ಅವನ ತೋಟದ ಧರ್ಮ.

ಇದನ್ನು ಕೇಳಲು ಹೋದವನು ಮಂಜವ್ವನ ತಮ್ಮ ಗುತ್ತೆಪ್ಪ. ಒಬ್ಬನೇ ಹೋದರೆ ಒದೆ ಬೀಳುತ್ತದೆಂದು ಹದಿನೇಳು ಮಂದಿಯನ್ನು ಹುಣಸೆ ಮರದ ಕೆಳಗೆ ಕೂಡಿಸಿ ಸಂಘ ಅಂತ ಒಂದು ಕಟ್ಟಿದ. ಸಂಘಕ್ಕೆ ಇನ್ನೂ ಹೆಸರೇ ಇಟ್ಟಿರಲಿಲ್ಲ, ಅಷ್ಟರಲ್ಲಿ ಗುತ್ತೆಪ್ಪ ಬಳ್ಳಿಯ ಕುಡಿ ಕದ್ದನೆಂದು ಸಾವ್ಕಾರ ಬಾಯಿಮಾತಿನ ದೂರು ಕೊಟ್ಟ. ಪೊಲೀಸರು ಅವನನ್ನು ಒಯ್ದು ಸವಣೂರಿನ ಠಾಣೆಯಲ್ಲಿ ಕೂಡಿಹಾಕಿದರು. ಕೇಸು ಬರೆಯಲಿಲ್ಲ, ಕೋರ್ಟಿಗೆ ಒಯ್ಯಲಿಲ್ಲ. ಸಾವ್ಕಾರ ಹೂಂ ಅಂದರೆ ಬಿಡುಗಡೆ, ಊಹೂಂ ಅಂದರೆ ಜೈಲು. ಮಂಜವ್ವ ನಾಲ್ಕು ದಿನ ಅವನ ಕಟ್ಟೆಯ ಮುಂದೆ ನಿಂತಳು. ಅವನು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಸುಮ್ಮನೆ ಅಡಿಕೆ ಕತ್ತರಿಸುತ್ತ ಕೂತಿದ್ದ.

ಐದನೆಯ ದಿನ ಸೂರ್ಯ ಯಾವ ದಿಕ್ಕಿಗೆ ಹುಟ್ಟಿದನೋ ಏನೋ, ಸಾವ್ಕಾರನೇ ಎಲೆ ಹೊರುವ ಲಾರಿ ತರಿಸಿ, ತೋಟದ ಹೆಂಗಸರೆಲ್ಲ ಹತ್ತಿ ಸವಣೂರಿಗೆ ನಡೆಯಿರಿ ಅಂದ. ಕೆಲಸ ಇಲ್ಲ, ಪೂರ್ತಿ ಕೂಲಿ, ಮೇಲೆ ಗಿರ್ಮಿಟ್ಟು, ಮಿರ್ಚಿಬಜ್ಜಿ. ಮುದುಕಿ ಶೇಖವ್ವ ಲಾರಿಯನ್ನು ಮುಟ್ಟಿ ಮುಟ್ಟಿ ನೋಡಿ, ಯಾರ ಮದುವೆ ಎಂದು ಕೇಳಿದಳು.

ಮದುವೆಯಲ್ಲ ಎಂದು ಲಾರಿಯ ಡ್ರೈವರ್ ಇಸ್ಮಾಯಿಲಸಾಬ ಬಿಡಿಸಿ ಹೇಳಿದ. ದಿನಾ ರೇಡಿಯೋ ಕೇಳುವ ಮನುಷ್ಯ ಅವನು. ಪೋಲಂಡ್ ಎಂಬ ದೇಶದಲ್ಲಿ ಕೂಲಿಕಾರರು ಸಂಘ ಕಟ್ಟಿದ್ದರಂತೆ. ಹೋದ ತಿಂಗಳು ಅಲ್ಲಿಯ ಸರಕಾರ ಅವರನ್ನು ಹಿಡಿಹಿಡಿದು ಒಳಗೆ ತುಂಬಿತಂತೆ. ಅವರ ಬೆಂಬಲಕ್ಕೆ ಇವತ್ತು ಸವಣೂರಿನಲ್ಲಿ ಸಭೆ. ಹುಬ್ಬಳ್ಳಿಯಿಂದ ದೊಡ್ಡ ಲೀಡರು ಬರುತ್ತಾರೆ, ಬರುವ ಚುನಾವಣೆಯ ಟಿಕೆಟ್ ಆ ಲೀಡರ ಕಿಸೆಯಲ್ಲಿದೆ. ಮಹಾಲಿಂಗಪ್ಪನಿಗೆ ಪೋಲಂಡ್ ಎಲ್ಲಿದೆಯೆಂದು ಗೊತ್ತಿರಲಿಲ್ಲ, ಕಿಸೆ ಎಲ್ಲಿದೆಯೆಂದು ಚೆನ್ನಾಗಿ ಗೊತ್ತಿತ್ತು.

ಅಲ್ಲಿ ಈಗ ಮೊಣಕಾಲುದ್ದ ಬರ್ಫ ಬಿದ್ದಿರುತ್ತದೆ, ಹೆಂಗಸರು ರೊಟ್ಟಿಗೆ ಪಾಳಿ ಹಚ್ಚಿ ನಿಲ್ಲುತ್ತಾರೆ ಎಂದೂ ಇಸ್ಮಾಯಿಲಸಾಬ ಹೇಳಿದ. ಅಷ್ಟು ಥಂಡಿಯಲ್ಲಿ ಅವರ ಬೆರಳು ಏನಾಗಿರಬೇಡ ಎಂದು ಮಂಜವ್ವನಿಗೆ ಕಸಿವಿಸಿಯಾಯಿತು.

“ಜೈಲಿಗೆ ಹೋದವರ ಅಕ್ಕ-ತಂಗೇರೂ ಬಾಗಿಲಾ ಕಾದು ನಿಂತಿರತಾರೇನ ಇಸ್ಮಾಯಿಲಣ್ಣ?”

“ನಿಂತಿರತಾರ ಯವ್ವಾ. ಅವರೂ ನಮ್ಮಂಥವರ ಅಲ್ಲೇನು?”

ಲಾರಿ ಹೊರಟಿತು. ಸಾವ್ಕಾರ ಮುಂದಿನ ಸೀಟಿನಿಂದ ತಲೆ ಹೊರಗೆ ಹಾಕಿ ಘೋಷಣೆ ಕಲಿಸತೊಡಗಿದ. ‘ಸಂಘ ಕಟ್ಟಿದವರನ್ನ’ ಎಂದು ಅವನು ಕೂಗಬೇಕು, ‘ಬಿಡುಗಡೆ ಮಾಡ್ರಿ’ ಎಂದು ಇವರು ಕೂಗಬೇಕು. ಮೊದಮೊದಲು ಹೆಂಗಸರ ದನಿ ಏಳಲಿಲ್ಲ. ಸಂಘ ಎಂಬ ಮಾತು ಬಾಯಿಗೆ ಬಂದರೆ ಬೆನ್ನು ತಾನಾಗಿ ಕುಗ್ಗುತ್ತಿತ್ತು. ಸಾವ್ಕಾರನಿಗೆ ಸಿಟ್ಟು ಬಂತು. ಉಂಡಿಲ್ಲವೇನು, ಗಂಟಲು ಸತ್ತಿದೆಯೇನು, ಹುಬ್ಬಳ್ಳಿಯವರಿಗೆ ಕೇಳಬೇಕು, ಹಾಗೆ ಕೂಗಿ ಎಂದು ಬೈದ.

ಅಯ್ಯೋ ಶಿವನೇ, ಅವರಿಗೆ ಇನ್ನೇನು ಬೇಕಿತ್ತು! ಸಂಘದ ಹೆಸರೆತ್ತಿದರೆ ಒದೆಯುತ್ತಿದ್ದವನ ಕಿವಿಯಲ್ಲೇ, ಅವನ ಅಪ್ಪಣೆಯಿಂದ, ಅವನ ಡೀಸೆಲ್ಲಿನಲ್ಲಿ ಸಂಘ ಸಂಘ ಎಂದು ಅರಚುವ ಸುಖವೆಂದರೆ ಸುಖ. ಮೂರನೆಯ ಸಲಕ್ಕೆ ಲಾರಿಯ ಹಲಗೆ ನಡುಗಿದವು. ಶೇಖವ್ವ ಎದ್ದು ನಿಂತು, ಉಳಿದಿದ್ದ ಎರಡು ಹಲ್ಲು ಕಾಣುವಂತೆ ನಗುತ್ತ ಕುಣಿದಳು. ಮಂಜವ್ವನಿಗೆ ನಗು ತಡೆಯಲಾಗಲಿಲ್ಲ, ಅಳುವೂ ತಡೆಯಲಾಗಲಿಲ್ಲ. ಪೋಲಂಡಿನವರನ್ನು ಬಿಡಿ ಎಂದು ಕೂಗುವಾಗೆಲ್ಲ ಅವಳಿಗೆ ತಮ್ಮನ ಮುಖವೇ ಕಾಣುತ್ತಿತ್ತು. ತಮ್ಮನನ್ನು ನೆನೆದಾಗೆಲ್ಲ ಬರ್ಫದಲ್ಲಿ ನಿಂತ ಯಾರೋ ಅಕ್ಕ ಕಾಣುತ್ತಿದ್ದಳು.

ಸವಣೂರಿನ ಸಭೆಯಲ್ಲಿ ಲೀಡರು ಅರ್ಧ ತಾಸು ಮಾತಾಡಿದರು. ಆಮೇಲೆ ಮಹಾಲಿಂಗಪ್ಪ ಎದ್ದ. ತನ್ನ ಹೆಂಗಸರು ಚಪ್ಪಾಳೆ ಬಡಿದ ಅಬ್ಬರಕ್ಕೆ ಅವನ ಎದೆ ಉಬ್ಬಿಹೋಯಿತು. ಆಗ ಮಂಜವ್ವ ಐದು ಎಲೆ, ಒಂದು ಅಡಿಕೆ ಹಿಡಿದು ಸರಸರ ವೇದಿಕೆ ಹತ್ತಿದಳು.

ನಮ್ಮ ಕಡೆ ಎಲೆ-ಅಡಿಕೆ ಹಿಡಿದು ಆಡಿದ ಮಾತು ಆಡಿದ್ದೇ. ಮದುವೆ ಗಟ್ಟಿಯಾಗುವುದೂ ಹಾಗೇ, ಅಣ್ಣತಮ್ಮಂದಿರ ಪಾಲು ತೀರುವುದೂ ಹಾಗೇ. ಎಲೆತೋಟದವನು ಹಿಡಿದು ತಪ್ಪಿದರಂತೂ ಬಳ್ಳಿ ಬುಡಸಮೇತ ಕೊಳೆಯುತ್ತದೆ ಎಂದು ಮಹಾಲಿಂಗಪ್ಪನ ಅಜ್ಜ ನಂಬಿದ್ದ, ಅಪ್ಪ ನಂಬಿದ್ದ, ಅವನೂ ನಂಬಿದ್ದ. ಆದರೆ ಎದುರಿಗೆ ಪೇಪರಿನವನು, ಫೋಟೋದವನು ನಿಂತಿದ್ದರು. ಸಾವ್ಕಾರ ಎರಡೂ ಕೈ ಚಾಚಿ ವೀಳ್ಯ ಹಿಡಿದ.

“ಈ ವೀಳ್ಯದ ಆಣಿ ಮಾಡಿ ಹೇಳತೇನಿ,” ಎಂದ. “ಸಂಘ ಕಟ್ಟಿ ಒಳಗ ಹೋದವರು ಹೊರಗ ಬರೂತನಕ ನಾ ಮನಿಗೆ ಹೋಗಿ ಉಣ್ಣಂಗಿಲ್ಲ.”

ಮಂದಿ ಹೋ ಎಂದಿತು. ಮಂಜವ್ವ ವೇದಿಕೆಯಿಂದ ಇಳಿಯಲಿಲ್ಲ.

“ಹಂಗಾರ ನಡೀರಿ ಸಾವ್ಕಾರ್ರ. ಪೋಲಂಡ ದೂರ ಐತಿ. ಒಬ್ಬಾವ ಇಲ್ಲೇ ಠಾಣೇದಾಗ ಅದಾನ, ಮೊದಲ ಅವನ್ನ ಬಿಡಸೂಣು.”

ಯಾರವನು ಎಂದು ಲೀಡರು ಕೇಳಿದರು. ಮಂಜವ್ವ ಹೇಳಿದಳು. ಹುಣಸೆ ಮರ, ಹದಿನೇಳು ಮಂದಿ, ಹಾಲಿಗೆ ಅಳುವ ಕೂಸುಗಳು, ಬರೆಯದ ಕೇಸು, ಎಲ್ಲವನ್ನೂ ಮೈಕಿನಲ್ಲೇ ಹೇಳಿದಳು. ಸಾವ್ಕಾರನ ಮುಖ ಹುಳ್ಳಗಾಯಿತು.

“ಅದು ಕಳವಿನ ಮಾತರಿ,” ಎಂದ. “ಅದರ ಕತೀನ ಬ್ಯಾರೆ.”

“ಪೋಲಂಡಿನ ಸರಕಾರನೂ ಹಿಂಗ ಅಂತಿರಬೇಕ ನೋಡ್ರಿ,” ಎಂದಳು ಶೇಖವ್ವ ಕೆಳಗಿನಿಂದ.

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಲೀಡರು ಹೆಗಲಿನ ಟವೆಲ್ ಸರಿಮಾಡಿಕೊಂಡು ಎದ್ದರು. ಗುತ್ತೆಪ್ಪನ ಮೇಲೆ ಅವರಿಗೆ ಪ್ರೀತಿ ಉಕ್ಕಿತೆಂದು ತಿಳಿಯಬೇಡಿ, ಪೇಪರಿನವನು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. ಮೆರವಣಿಗೆ ಠಾಣೆಯ ಕಡೆ ತಿರುಗಿತು. ಮುಂದೆ ಸಾವ್ಕಾರ. ಕೈಯಲ್ಲಿ ವೀಳ್ಯ, ಎಸೆಯುವಂತಿಲ್ಲ, ಬಾಯಿಗೆ ಹಾಕಿಕೊಳ್ಳುವಂತಿಲ್ಲ. ಹಿಂದೆ ಕೂಗುವ ಹೆಂಗಸರು. ಹಾದಿಯ ಜನ, ಸಂತೆಯ ಜನ, ಟಾಂಗಾದವರು, ಏನು ಎತ್ತ ಎಂದು ಕೇಳದೆ ಕೂಡಿಕೊಂಡರು. ಅಷ್ಟು ಖುಷಿಯಾದ ದಿಬ್ಬಣವನ್ನು ಸವಣೂರು ಕಂಡಿರಲಿಲ್ಲ.

ಫೌಜದಾರ ಹೊರಗೆ ಬಂದು, ಎಲ್ಲರಿಗಿಂತ ಮುಂದೆ ಮಹಾಲಿಂಗಪ್ಪನನ್ನೇ ಕಂಡು ತಬ್ಬಿಬ್ಬಾಗಿ ಸಲಾಮು ಹೊಡೆದ. ಏನು ಮಾಡಲಿ ಎಂದು ಕೇಳಿದ. ಸಾವ್ಕಾರ ಲೀಡರನ್ನು ನೋಡಿದ, ಕೈಯೊಳಗಿನ ಎಲೆ ನೋಡಿದ. ಐದು ದಿನದಿಂದ ಹೊರಡದ ಹೂಂ ಅವನ ಬಾಯಿಂದ ಈಗ ಹೊರಟಿತು.

ಗುತ್ತೆಪ್ಪ ಗೋಡೆ ಹಿಡಿದು ಬಂದ. ಒಂದು ಕಣ್ಣು ಬಾತು ಮುಚ್ಚಿತ್ತು. ಮಂಜವ್ವ ಓಡಿಹೋಗಿ ಅವನ ಮುಖ ಸವರಿದಳು. ಅತ್ತಳು, ಮೂಗು ಒರೆಸಿಕೊಂಡು ನಕ್ಕಳು. ಇಷ್ಟರಲ್ಲಿ ಸಾವ್ಕಾರ ಮೆಲ್ಲಗೆ ಲಾರಿಯ ಕಡೆ ಜಾರುತ್ತಿದ್ದ. ಇಸ್ಮಾಯಿಲಸಾಬ ಅದರ ಬಾಗಿಲಿಗೆ ಬೆನ್ನು ಕೊಟ್ಟು ಬೀಡಿ ಹಚ್ಚಿದ.

“ಮನಿಗೆ ಹೋಗೂಣು ನಡಿ ಅಕ್ಕಾ,” ಎಂದ ಗುತ್ತೆಪ್ಪ.

“ಈಗ ಹ್ಯಾಂಗ ಹೋಗೂದು? ನಿನ್ನ ಬಿಟ್ರು, ಪೋಲಂಡಿನವರನ್ನ ಇನ್ನೂ ಬಿಟ್ಟಿಲ್ಲ,” ಎಂದಳು ಮಂಜವ್ವ. “ಕೂಗು.”

ಪೋಲಂಡ್ ಯಾವ ಊರೋ, ಯಾವ ಓಣಿಯೋ, ಗುತ್ತೆಪ್ಪನಿಗೆ ತಿಳಿಯದು. ಒಳಗೆ ಯಾರೋ ಇನ್ನೂ ಉಳಿದಿದ್ದಾರೆ ಎನ್ನುವುದು ಮಾತ್ರ ತಿಳಿಯಿತು. ಠಾಣೆಯ ಕಡೆ ತಿರುಗಿ ನಿಂತು ‘ಬಿಡುಗಡೆ ಮಾಡ್ರಿ’ ಎಂದು ಕೂಗಿದ.