ಒಂದು ಕೀ ಎಡಕ್ಕೆ

ಹುಡುಗಿ ಒತ್ತಿದ್ದು ಒಂದು ಕೀ, ಕೇಳಿಸಿದ್ದು ಪಕ್ಕದ ಕೀಯ ದನಿ.

ಬೆಳಿಗ್ಗೆ ಹತ್ತೂ ಇಪ್ಪತ್ತು. ಸಂಗೀತ ಶಾಲೆಯ ಎರಡನೇ ಮಹಡಿಯ ಕೋಣೆ. ಉದ್ದನೆಯ ಮೇಜಿನ ಹಿಂದೆ ಇಬ್ಬರು ಪರೀಕ್ಷಕರು ಕೂತಿದ್ದರು. ಹಾಡು ಕಲಿಸುವ ಮೇಡಂ, ಪಿಯಾನೊ ಕಲಿಸುವ ಮೇಷ್ಟ್ರು. ತಾನೇ ನುಡಿಸುತ್ತ ತಾನೇ ಹಾಡುವವರಿಗೆಂದು ಆ ಶಾಲೆಯಲ್ಲಿ ವರ್ಷಕ್ಕೆ ಆರು ಸೀಟು. ಐದು ತುಂಬಿದ್ದವು. ಹದಿನೆಂಟು ತುಂಬಿದವರ ಅರ್ಜಿ ತೆಗೆದುಕೊಳ್ಳುವುದಿಲ್ಲ. ಹುಡುಗಿಗೆ ಮುಂದಿನ ತಿಂಗಳು ಹದಿನೆಂಟು ತುಂಬುತ್ತಿತ್ತು.

ಅವಳು ನಿಲ್ಲಿಸಿ, ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು ಮತ್ತೆ ಶುರು ಮಾಡಿದಳು. ಬೆರಳುಗಳು ತಮಗೆ ಗೊತ್ತಿದ್ದ ಜಾಗಕ್ಕೇ ಹೋದವು. ಗಂಟಲೂ ತನಗೆ ಗೊತ್ತಿದ್ದ ಸ್ವರವನ್ನೇ ಹಿಡಿಯಿತು. ಎರಡೂ ಸೇರಲಿಲ್ಲ. ಗಂಟಲನ್ನು ಸ್ವಲ್ಪ ಏರಿಸಿದಳು. ಏರಿತು, ಆದರೆ ಎರಡೇ ಸಾಲಿಗೆ ಬೆರಳು ದಾರಿ ತಪ್ಪಿತು. ಕೇಳಿಸುತ್ತಿದ್ದ ದನಿಯ ಹಿಂದೆ ಹೋಗಲೇ, ಕಣ್ಣಿಗೆ ಕಾಣುತ್ತಿದ್ದ ಕೀಯ ಹಿಂದೆ ಹೋಗಲೇ ಎಂದು ತಿಳಿಯದೆ ಹಾಡಿನ ನಡುವೆ ತಡವರಿಸಿದಳು.

"ನಿಲ್ಸಮ್ಮ," ಎಂದರು ಮೇಷ್ಟ್ರು. "ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತಂತೆ. ನಿನ್ನ ಕೈಗೂ ಬಾಯಿಗೂ ಹಾಗಾಗ್ತಿದೆ."

"ಸರ್, ಈ ಪಿಯಾನೊ ಶ್ರುತಿ ಸರಿ ಇಲ್ಲ."

"ಓಹೋ! ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ."

ಮೇಡಂ ನಗಲಿಲ್ಲ. "ನಿನ್ನೆ ಸಾಯಂಕಾಲ ತಾನೇ ಶ್ರುತಿ ಮಾಡಿಸಿದ್ದೀವಿ. ಸರಿ ಇಲ್ಲ ಅಂತ ಖಂಡಿತವಾಗಿ ಹೇಳ್ತೀಯಾ?"

ನಿನ್ನೆ ಸಾಯಂಕಾಲ ಶ್ರುತಿ ಮಾಡಿದವನು ಹುಡುಗಿಯ ಸೋದರಮಾವ. ರಾತ್ರಿ ಊಟಕ್ಕೆ ಕೂತಾಗ ಅದನ್ನೇ ಹೇಳಿಕೊಂಡಿದ್ದ. ಮಾವನ ಕೆಲಸದಲ್ಲಿ ಇಷ್ಟು ದೊಡ್ಡ ತಪ್ಪು ಇರಲಾರದು. ತಪ್ಪು ತನ್ನ ಕಿವಿಯಲ್ಲಿ ಇದೆಯೆಂದು ಒಪ್ಪಿಕೊಳ್ಳಲೂ ಅವಳಿಂದಾಗಲಿಲ್ಲ.

"ನನಗೆ ಹಾಗೆ ಕೇಳಿಸ್ತಿದೆ ಮೇಡಂ," ಎಂದಳು.

"ಸರಿ, ಮಾಡಿದೋರನ್ನೇ ಕರೆಸ್ತೀನಿ. ಅಲ್ಲಿವರೆಗೆ ಹೊರಗಿರು. ಪಿಯಾನೊ ಸರಿಯಾಗಿದ್ರೆ ನಿನ್ನ ಪರೀಕ್ಷೆ ಮುಗೀತು ಅಂತ ತಿಳ್ಕೊ."

ಮಾವ ಸೈಕಲ್ ತುಳಿದುಕೊಂಡು ಬರಲು ನಲವತ್ತು ನಿಮಿಷ ಹಿಡಿಯಿತು. ತನ್ನ ಪಿಯಾನೊ ರಿಪೇರಿ ಅಂಗಡಿಯ ಏಪ್ರನ್ನೂ ಬಿಚ್ಚಿರಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಸೋದರಸೊಸೆಯನ್ನು ನೋಡಿ, "ಏನೇ ಪೀಪಿ, ಇನ್ನೂ ನಿನ್ನ ಸರದಿ ಬಂದಿಲ್ವಾ? ಒಳಗೆ ಯಾರೋ ಮಹಾಶಯರು ನನ್ನ ಶ್ರುತಿಯಲ್ಲಿ ಕೊಂಕು ತೆಗೆದಿದ್ದಾರಂತೆ," ಎಂದ.

"ನಾನೇ ಮಾವ."

"ಏನು ನೀನೇ?"

"ಕೊಂಕು ತೆಗೆದಿದ್ದು."

ಅವನು ಒಳಗೆ ಹೋಗಿ ಹತ್ತು ನಿಮಿಷಕ್ಕೆ ಹೊರಗೆ ಬಂದ. ಸದಾ ಒಂದೇ ಸ್ವರ ಕೊಡುವ ಉಕ್ಕಿನ ಶ್ರುತಿಕವೆಯನ್ನು ಬಡಿದು, ಅದಕ್ಕೆ ಹೋಲಿಸಿ ಒಂದೊಂದೇ ತಂತಿ ಕೇಳಿ ನೋಡಿದ್ದ. ಎಲ್ಲ ಸರಿಯಾಗಿತ್ತು. "ನಿನಗೆ ಅದು ಹ್ಯಾಗೆ ಕೇಳಿಸ್ತು, ಹೇಳು," ಎಂದ.

"ಎಲ್ಲಾ ಕೀನೂ ಮೇಲಕ್ಕೆ ಹೋಗಿದೆ. ಒಂದೊಂದು ಕೀಯಷ್ಟು."

"ಎಲ್ಲಾನೂ? ಒಂದೇ ಸಮ?"

"ಒಂದೇ ಸಮ."

ಮಾವ ಏಪ್ರನ್ನಿನ ತುದಿಯಿಂದ ಮುಖ ಒರೆಸಿಕೊಂಡು ಬೆಂಚಿನ ಮೇಲೆ ಕೂತ. "ಅಯ್ಯೋ ನನ್ನ ಕರ್ಮವೇ. ಮೇಲಕ್ಕೆ ಹೋಗಿರೋದು ಇದಲ್ಲ ಕಣೇ. ಕೆಳಗಿರೋದು ನಮ್ಮದು," ಎಂದ.

ಮನೆಗೆ ಹೊಂದಿಕೊಂಡಿದ್ದ ಅಂಗಡಿಯ ಹಿಂಕೋಣೆಯಲ್ಲಿ ಇದ್ದದ್ದು ಒಂದು ಹೋಟೆಲಿನವರು ಬೇಡವೆಂದು ಕೊಟ್ಟ ಹಳೆಯ ಪಿಯಾನೊ. ಅದರ ತಂತಿಗೆ ತುಕ್ಕು ಹಿಡಿದಿತ್ತು, ತಂತಿ ಸುತ್ತಿದ ಗೂಟಗಳು ಸಡಿಲವಾಗಿದ್ದವು. ಅಂಥದನ್ನು ಸರಿಯಾದ ಶ್ರುತಿಗೆ ಬಿಗಿದರೆ ತಂತಿ ಹರಿಯುತ್ತದೆ. ಹಾಗಾಗಿ ಎಲ್ಲ ತಂತಿಗಳನ್ನೂ ಒಂದು ಕೀಯಷ್ಟು ಕೆಳಗಿಳಿಸಿ ಒಂದಕ್ಕೊಂದು ಹೊಂದಿಸುವುದು ರಿಪೇರಿಯವರ ರೂಢಿ. ಮಾವನೂ ಹಾಗೇ ಮಾಡಿದ್ದ. ಏಳು ವರ್ಷ ಹುಡುಗಿ ಕಲಿತದ್ದು ಅದರ ಮೇಲೆ, ಪುಸ್ತಕ ಮುಂದಿಟ್ಟುಕೊಂಡು. ರಿಪೇರಿಗೆ ಬಂದ ಬೇರೆ ಪಿಯಾನೊಗಳನ್ನು ಅವನು ಅವಳಿಗೆ ಮುಟ್ಟಗೊಡುತ್ತಿರಲಿಲ್ಲ. ಗಿರಾಕಿಯ ಮಾಲು, ಗೀರು ಬಿದ್ದರೆ ಯಾರು ಜವಾಬ್ದಾರಿ? ಊರಿನ ಅರ್ಧ ಪಿಯಾನೊಗಳಿಗೆ ಸರಿಯಾದ ಶ್ರುತಿ ಕೊಟ್ಟವನು ಮನೆಯದರ ಬಗ್ಗೆ ಒಂದು ಮಾತು ಹೇಳುವುದನ್ನು ಮರೆತಿದ್ದ.

"ನನಗೆ ಹೇಳೋದನ್ನೇ ಮರೆತ್ಯಾ?"

"ಮರೆತಿದ್ದಲ್ಲ," ಎಂದ ಮಾವ. "ಹೇಳಬೇಕು ಅಂತ ಹೊಳೀಲೇ ಇಲ್ಲ. ಎಷ್ಟೋ ಜನಕ್ಕೆ ಇದರಿಂದ ವ್ಯತ್ಯಾಸಾನೇ ಆಗಲ್ಲ. ಪಿಯಾನೊ ಎಲ್ಲಿ ಹೋಗುತ್ತೋ ಗಂಟಲೂ ಅಲ್ಲಿಗೇ ಹೋಗುತ್ತೆ. ನಿನ್ನ ಕಿವಿ ಹೀಗೆ ಪಟ್ಟು ಹಿಡಿದು ಕೂತಿದೆ ಅಂತ ನನಗೇನು ಗೊತ್ತು?"

"ಹಾಗಾದ್ರೆ ನಾನು ಇಷ್ಟು ದಿನ ಹಾಡಿದ್ದೆಲ್ಲ ತಪ್ಪಾ?"

"ತಪ್ಪಲ್ಲ."

"ಸರೀನಾ?"

ಮಾವ ತಲೆ ಕೆರೆದುಕೊಂಡ. "ಸರೀನೂ ಅಲ್ಲ," ಎಂದು ಎದ್ದ. "ನೋಡು, ಒಂದು ಕೆಲಸ ಮಾಡ್ತೀನಿ. ನಿನ್ನೆ ನಾನೇ ಜಾಸ್ತಿ ಬಿಗಿದುಬಿಟ್ಟೆ ಅಂತ ಹೇಳಿಬಿಡ್ತೀನಿ. ನಿನಗೆ ಇನ್ನೊಂದು ಅವಕಾಶ ಸಿಗುತ್ತೆ."

"ಆಮೇಲೆ ನಿನ್ನನ್ನ ಕೆಲಸಕ್ಕೆ ಈ ಕಡೆ ಕರೀತಾರಾ?"

"ಕರೀದಿದ್ರೆ ಕತ್ತೆ ಬಾಲ."

"ಅದೇ ಪಿಯಾನೊ ಮೇಲೇ ಮತ್ತೆ ಹಾಡಬೇಕಲ್ಲ ಮಾವ. ಆಗಲೂ ಹಿಂಗೇ ಆಗುತ್ತೆ. ಇದ್ದದ್ದು ಇದ್ದಹಾಗೆ ಹೇಳು."

ಮಾವ ಅವಳನ್ನೂ ಒಳಗೆ ಕರೆದುಕೊಂಡು ಹೋಗಿ, ಮೇಜಿನ ಮುಂದೆ ಕೈಕಟ್ಟಿ ನಿಂತು ಇದ್ದದ್ದು ಇದ್ದಹಾಗೆ ಹೇಳಿದ. ಮೇಷ್ಟ್ರು ಕೇಳಿ, "ಕತೆ ಚೆನ್ನಾಗಿದೆ. ನಿಮ್ಮ ಮನೆ ಹುಡುಗಿ ಬೇರೆ," ಎಂದರು. ಮೇಡಂ ಎದ್ದು ಪಿಯಾನೊ ಹತ್ತಿರ ಬಂದರು.

"ಗೋಡೆ ಕಡೆ ತಿರುಗಿ ನಿಂತ್ಕೊ. ನಾನೊಂದು ಕೀ ಒತ್ತಿ ಬಿಡ್ತೀನಿ. ನೀನು ಬಂದು ಯಾವುದು ಅಂತ ಬೆರಳಿಟ್ಟು ತೋರಿಸು. ಒತ್ತಬೇಡ."

ಹತ್ತು ಸಲ ಒತ್ತಿದರು. ಹತ್ತು ಸಲವೂ ಹುಡುಗಿ ಬಂದು ತಡವರಿಸದೆ ಬೆರಳಿಟ್ಟಳು. ಮೇಡಂ ಪ್ರತಿಸಲ ಕಾಗದದ ಮೇಲೆ ಬರೆದುಕೊಂಡರು.

"ಎಷ್ಟು ಸರಿ?" ಎಂದು ಮೇಷ್ಟ್ರು ಕೇಳಿದರು.

"ಒಂದೂ ಇಲ್ಲ."

ಮೇಡಂ ಕಾಗದವನ್ನು ಮೇಷ್ಟ್ರ ಮುಂದಿಟ್ಟರು. "ಹತ್ತಕ್ಕೆ ಹತ್ತೂ ತಪ್ಪು. ಕಪ್ಪು ಬಿಳುಪು ಎಲ್ಲ ಸೇರಿಸಿ ಎಣಿಸಿ. ಹತ್ತು ಸಲವೂ ಸರಿಯಾಗಿ ಒಂದು ಕೀ ಬಲಕ್ಕೆ ತೋರಿಸಿದ್ದಾಳೆ. ಊಹೆ ಮಾಡೋರು ಹೀಗೆ ತಪ್ಪು ಮಾಡೋಕಾಗಲ್ಲ."

"ಓ, ಅದಕ್ಕೇನಾ?" ಹುಡುಗಿ ಮಾವನ ಕಡೆ ತಿರುಗಿದಳು. "ರೇಡಿಯೊ ಹಾಡು ನುಡಿಸೋಕೆ ಹೋದ್ರೆ ಬರೀ ಕಪ್ಪು ಕೀ ಬರೋವು. ರೇಡಿಯೊದವರಿಗೆ ಕಪ್ಪು ಕೀ ಮೇಲೆ ಯಾಕಿಷ್ಟು ಪ್ರೀತಿ ಅಂದ್ಕೊಳ್ತಿದ್ದೆ."

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಗಂಭೀರವಾಗಿ, "ಸರಿ. ನಿನ್ನ ಗಂಟಲು ಇದ್ದಲ್ಲೇ ಇರಲಿ. ಕೈಯನ್ನ ಒಂದು ಕೀ ಎಡಕ್ಕೆ ತಗೊಂಡು ನುಡಿಸು. ಆಗ ಎರಡೂ ಕೂಡ್ತವೆ," ಎಂದರು.

ಹೇಳುವುದು ಸುಲಭ. ಮನೆಯಲ್ಲಿ ಬಿಳಿ ಕೀಗಳ ಮೇಲೇ ಮುಗಿಯುತ್ತಿದ್ದ ಹಾಡಿಗೆ ಈಗ ಐದು ಕಪ್ಪು ಕೀ. ಹುಡುಗಿ ಕೂತಳು. ಮೊದಲ ಸ್ವರ ಅವಳ ಕಿವಿಗೆ ಗೊತ್ತಿದ್ದ ಸ್ವರವಾಗಿಯೇ ಬಂತು. ಆದರೆ ಕಣ್ಣಿಗೆ ಅದು ತಪ್ಪು ಜಾಗ. ಕೈ ನೋಡಿದರೆ ಹಾಡು ಮರೆಯುತ್ತಿತ್ತು, ಕಣ್ಣು ಮುಚ್ಚಿದರೆ ಬೆರಳು ಹಳೆಯ ಜಾಗಕ್ಕೆ ಓಡುತ್ತಿತ್ತು. ಎರಡನೇ ಸಾಲಿನಲ್ಲಿ ಎಡಗೈ ಎರಡು ಸಲ ಜಾರಿತು. ಅವಳು ಎಡಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಬಲಗೈಯ ಎರಡು ಬೆರಳಿನಿಂದ ಮಾತ್ರ ಸ್ವರ ಹಿಡಿದುಕೊಂಡು ಹಾಡಿದಳು. ದನಿ ನಿಧಾನವಾಗಿ ಬಿಚ್ಚಿಕೊಂಡಿತು. ಕೊನೆಯ ಚರಣಕ್ಕೆ ಬರುವಾಗ ಮೇಷ್ಟ್ರು ಪೆನ್ನು ಕೆಳಗಿಟ್ಟಿದ್ದರು.

"ಹಾಡಿಗೆ ಸೀಟು ಕೊಡಬಹುದು," ಎಂದರು ಅವರು ಮೇಡಂ ಕಡೆ ನೋಡಿ. "ಪಿಯಾನೊಗೆ ಹ್ಯಾಗೆ ಕೊಡೋದು? ಎರಡು ಬೆರಳು!"

"ನಮ್ಮಲ್ಲಿ ಇರೋದು ಎರಡೂ ಸೇರಿದ ಸೀಟು. ಅರ್ಧ ಮಾಡಿ ಕೊಡೋಕೆ ಬರಲ್ಲ." ಮೇಡಂ ಹುಡುಗಿಯ ಕಡೆ ತಿರುಗಿದರು. "ಮೂರು ತಿಂಗಳು ನೋಡ್ತೀವಿ. ದಿನಾ ಇಲ್ಲಿಗೆ ಬಂದು ನುಡಿಸಬೇಕು. ಮನೆಯದನ್ನ ಅಲ್ಲಿವರೆಗೆ ಮುಟ್ಟಬಾರದು, ಒಂದು ದಿನಾನೂ. ಕಿವಿ ಇಲ್ಲಿಗೆ ಹೊಂದಿಕೊಂಡ್ರೆ ಸೀಟು ನಿನ್ನದು. ಇಲ್ದಿದ್ರೆ ಇಲ್ಲ. ಒಪ್ಪಿಗೇನಾ?"

"ಹೊಂದಿಕೊಂಡ ಮೇಲೆ ಹಳೇದು ಹ್ಯಾಗೆ ಕೇಳಿಸುತ್ತೆ ಮೇಡಂ?"

"ತಪ್ಪಾಗಿ."

ಹುಡುಗಿ ಮಾವನನ್ನು ನೋಡಿದಳು. ಮಾವ ನೆಲ ನೋಡುತ್ತಿದ್ದ.

"ಒಪ್ಪಿಗೆ," ಎಂದಳು.

ಕೆಳಗಿನ ಕಚೇರಿಯಲ್ಲಿ ಗುಮಾಸ್ತ ಅರ್ಜಿಯ ಮೇಲೆ 'ಷರತ್ತಿನ ಮೇಲೆ' ಎಂದು ಬರೆದು ಮುದ್ರೆ ಒತ್ತಿದ. ಹೊರಬಾಗಿಲ ಮೆಟ್ಟಿಲಿಳಿಯುತ್ತ ಮಾವ, "ಪಾಯಸ ಕುಡಿದೋಳ ಹಾಗಿರು ಅಂದ್ರೆ ಕಷಾಯ ಕುಡಿದೋಳ ಹಾಗಿದ್ದೀಯಲ್ಲೇ. ಸೀಟು ಸಿಕ್ತಲ್ಲ?" ಎಂದ.

"ಸಿಕ್ಕಿದೆ. ಖುಷಿ ಪಡಬೇಕೋ ಏನೋ ಗೊತ್ತಾಗ್ತಿಲ್ಲ."

ಮೇಲಿನ ಕೋಣೆಯಲ್ಲಿ ಕಾಯುವ ಪಟ್ಟಿಗೆಂದು ಮುಂದಿನ ಅಭ್ಯರ್ಥಿ ಶುರು ಮಾಡಿದ್ದ. ಒಂದೇ ಸ್ವರವನ್ನು ಮೂರು ಸಲ ಒತ್ತಿ ನೋಡುತ್ತಿದ್ದ. ಮಾವ ನಿಂತು ಬೆರಳೆತ್ತಿದ. "ಅದು ಯಾವ ಕೀ, ಹೇಳು ನೋಡೋಣ."

ನಿನ್ನೆ ಕೇಳಿದ್ದರೆ ಅವನು ಬಾಯಿ ಮುಚ್ಚುವುದರೊಳಗೆ ಹೇಳಿರುತ್ತಿದ್ದಳು. ಈಗ ಎರಡು ಉತ್ತರಗಳು ಒಟ್ಟಿಗೆ ನಾಲಿಗೆಗೆ ಬಂದವು.

"ಯಾವ ಲೆಕ್ಕದಲ್ಲಿ ಕೇಳ್ತಿದ್ದೀಯಾ ಮಾವ?"

ಮಾವ ಎತ್ತಿದ ಬೆರಳನ್ನು ಕೆಳಗಿಳಿಸಿದ. ಮೇಲಿನ ಕೋಣೆಯಲ್ಲಿ ಆ ಸ್ವರ ನಾಲ್ಕನೇ ಸಲ ಕೇಳಿಸಿತು.